ಐದನೆಯ ಎಣಿಕೆಗೆ ಮೊದಲು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಳಪೇಟೆಯ ತಿರುವಿನಲ್ಲಿ ಪುರಸಭೆಯ ಟ್ರ್ಯಾಕ್ಟರ್ ಗಾರೆ ಕೆಲಸದ ಜವರನ ಎಡಗಾಲಿನ ಮೇಲೆ ಹರಿಯಿತು. ಚಾಲಕ ಹಾರನ್ ಹೊಡೆದಿದ್ದ. ಮೂರು ಸಲ ಹೊಡೆದದ್ದಕ್ಕೆ ಸಾಕ್ಷಿಗಳಿದ್ದಾರೆ. ಜವರನಿಗೂ ಅದು ಕೇಳಿಸಿತು. ಅಷ್ಟರಲ್ಲಿ ಅವನನ್ನು ಚಕ್ರದ ಅಡಿಯಿಂದ ಎಳೆದು ಬೇಲಿಯ ಪಕ್ಕ ಮಲಗಿಸಿದ್ದರು. "ಈಗ್ಯಾಕ್ರೋ ಹಾರನ್ನು?" ಎಂದು ಕೇಳಿ ಅವನು ಪ್ರಜ್ಞೆ ತಪ್ಪಿದ.

ಜವರನಿಗೆ ಆಗ ಹತ್ತೊಂಬತ್ತು ಎಣಿಕೆ. ಅಷ್ಟು ಎಣಿಕೆಯವರು ನಮ್ಮೂರಲ್ಲಿ ಹಿಂದೆ ಇರಲಿಲ್ಲ. ನಾವೆಲ್ಲ ಹುಟ್ಟಿನಿಂದ ಐದರವರು. ಎದುರಿಗಿದ್ದವನ ತುಟಿ ಅಲ್ಲಾಡುವುದು ಕಾಣುತ್ತದೆ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ನಿಧಾನವಾಗಿ ಐದು ಎಣಿಸಿದ ಮೇಲೆ ಮಾತು ಕಿವಿಗೆ ಬರುತ್ತದೆ. ಮಾತಾಡಿದವನಿಗೂ ತನ್ನ ದನಿ ಐದಾದ ಮೇಲೆಯೇ ಕೇಳಿಸುವುದು. ಮಾತು ಮುಗಿಸಿದವನು ಎದೆಯ ಮೇಲೆ ಕೈಯಿಡುತ್ತಾನೆ, ಕೇಳಿದವನು ತಲೆಯಾಡಿಸಿದ ಮೇಲೆ ತೆಗೆಯುತ್ತಾನೆ. ಎದುರಿನವರ ತುಟಿಯನ್ನೇ ನೋಡಿ ಮಾತು ಊಹಿಸುವುದು ಇನ್ನೊಬ್ಬರ ಕಾಗದ ಒಡೆದು ಓದಿದಷ್ಟೇ ಕೀಳು. ಬೇರೆ ಊರಿಂದ ಸೊಸೆಯಾಗಿ ಬಂದವಳು ನಲವತ್ತನೆಯ ದಿನ ಒಗ್ಗರಣೆ ಸೀಯಿಸಿದರೆ ಅತ್ತೆ ಬೈಯುವುದಿಲ್ಲ. ಸಾಸಿವೆ ಸಿಡಿದದ್ದು ಕಿವಿಗೆ ತಡವಾಗಿ ಬಿದ್ದಿದೆ, ಹುಡುಗಿಗೆ ನಮ್ಮ ಬಾವಿಯ ನೀರು ಹತ್ತಿತು ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ಬರುತ್ತಾಳೆ.

ಇದರ ಜೊತೆಗೆ ಬೆಳೆದದ್ದು ಅಂಗೈ. ಪುರಸಭೆಯ ನಿಯಮ ಹದಿನಾಲ್ಕು ಹೇಳುತ್ತದೆ: ಮಾತು ಕೇಳುಗನ ಕಿವಿ ಮುಟ್ಟುವ ಮೊದಲು ಆಡಿದವನು ತನ್ನ ಬಾಯಿಗೆ ಅಂಗೈ ಅಡ್ಡ ಹಿಡಿದರೆ ಆ ಮಾತು ಆಡಿದಂತಲ್ಲ. ಮಾತು ಕೇಳಿಸದೆ ಇರುವುದಿಲ್ಲ, ಐದಕ್ಕೆ ಸರಿಯಾಗಿ ಕೇಳಿಸುತ್ತದೆ. ಆದರೆ ಕೇಳಿಸಿಕೊಂಡವನು ಕೇಳಿಸಿಕೊಂಡಿಲ್ಲ. ಮಗಳನ್ನು ಕೊಡುತ್ತೇನೆಂದು ಹೇಳಿ ಅಂಗೈ ಹಿಡಿದವರು, ತಪ್ಪಾಯಿತು ಎಂದು ಹೇಳಿ ಅಂಗೈ ಹಿಡಿದವರು, ಬೈದು ಹಿಡಿದವರು, ಎಲ್ಲರೂ ನಮ್ಮೂರಲ್ಲಿ ಮರ್ಯಾದಸ್ಥರಾಗಿ ಬಾಳಿ ಸತ್ತಿದ್ದಾರೆ. ಇಪ್ಪತ್ತಾರು ವರ್ಷದಿಂದ ನಾನು ಇಲ್ಲಿನ ವಾರಪತ್ರಿಕೆಯ ವರದಿಗಾರ. ಅಂಗೈ ಹಿಡಿದ ಒಂದೇ ಒಂದು ಮಾತನ್ನೂ ಅಚ್ಚು ಹಾಕಿಲ್ಲ. ಇದನ್ನು ನಾನು ಬಹುಕಾಲ ವೃತ್ತಿಧರ್ಮ ಎಂದುಕೊಂಡಿದ್ದೆ.

ಊರಿಗೆ ನೀರು ಸೋಸುವ ಯಂತ್ರ ತಂದವರು ಪುರಸಭೆಯ ಅಧ್ಯಕ್ಷ ಪಂಚಲಿಂಗಪ್ಪನವರು. ಎರಡಾಳೆತ್ತರದ ಎರಡು ಉಕ್ಕಿನ ಕೊಳವೆಗಳು. ಒಳಗೆ ಬೆಲ್ಲದ ಬಣ್ಣದ, ರಾಗಿ ಗಾತ್ರದ ಕಾಳು. ಉದ್ಘಾಟನೆಯ ದಿನ ಇಂಜಿನಿಯರು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ತೋರಿಸಿ ವಿವರಿಸಿದರು. ನೀರು ಕಾಳಿನ ನಡುವೆ ಇಳಿಯುವಾಗ ಅದರಲ್ಲಿರುವ ಸುಣ್ಣ, ಕಬ್ಬಿಣ, ಮ್ಯಾಂಗನೀಸುಗಳನ್ನು ಕಾಳು ತಾನು ಹಿಡಿದುಕೊಂಡು ಅದಕ್ಕೆ ಬದಲಾಗಿ ಉಪ್ಪಿನ ಸೋಡಿಯಂ ಬಿಟ್ಟುಕೊಡುತ್ತದೆ. ವಾರಕ್ಕೊಮ್ಮೆ ಕಾಳಿನ ಹೊಟ್ಟೆ ತುಂಬುತ್ತದೆ. ಆಗ ಗಟ್ಟಿ ಉಪ್ಪುನೀರು ಹಾಯಿಸಬೇಕು. ಹಿಡಿದದ್ದನ್ನೆಲ್ಲ ಕಾಳು ಬಿಟ್ಟುಬಿಡುತ್ತದೆ, ಮತ್ತೆ ಕೆಲಸಕ್ಕೆ ತಯಾರು. ಹಾಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಕಾಶೆಯಲ್ಲಿ ಒಂದು ಹೊಂಡವಿತ್ತು. ನಮ್ಮ ಪತ್ರಿಕೆಯಲ್ಲಿ ಆ ಹೊಂಡದ ಚಿತ್ರವೂ ಬಂತು. ಅದು ಬೇರೆ ಯಾವುದೋ ಹೊಂಡದ್ದು ಎಂಬುದು ನನಗೆ ತಿಳಿಯಲು ಮೂರು ತಿಂಗಳು ಹಿಡಿಯಿತು.

ಯಂತ್ರದ ನೀರು ಮೇಲ್ಪೇಟೆಗೆ ಮಾತ್ರ. ನಿಯಮ ಇಪ್ಪತ್ತೆರಡು: ಮೇಲ್ಪೇಟೆಯ ಕಂದಾಯದಾರರಲ್ಲದವರು ಯಂತ್ರದ ನೀರು ಕುಡಿದರೆ ಕಳವು, ಪುರಸಭೆಯ ನೌಕರರಾದರೆ ವಜಾ. ನಲವತ್ತು ದಿನದಲ್ಲಿ ಮೇಲ್ಪೇಟೆಯವರಿಗೆ ತುಟಿ ಮತ್ತು ಮಾತು ಒಟ್ಟಿಗೇ ಬರತೊಡಗಿದವು. ಸುದ್ದಿಯ ದೃಷ್ಟಿಯಿಂದ ಇದು ದೊಡ್ಡದು. ಆದರೆ ಅವರು ಅದನ್ನು ಬಳಸಿದ್ದು ಯಾವುದಕ್ಕೆಂದರೆ ಸಭೆಗಳಲ್ಲಿ ನಮಗಿಂತ ಮೊದಲು ನಗುವುದಕ್ಕೆ. ಭಾಷಣಕಾರನ ಹಾಸ್ಯ ನಮಗೆ ತಲುಪುವ ಹೊತ್ತಿಗೆ ಮುಂದಿನ ಸಾಲಿನವರು ನಕ್ಕು, ಕಣ್ಣೊರೆಸಿಕೊಂಡು, ಹಿಂತಿರುಗಿ ನಮ್ಮ ಮುಖ ನೋಡುತ್ತಿದ್ದರು. ಎದೆಯ ಮೇಲೆ ಕೈಯಿಡುವುದನ್ನು ಬಿಟ್ಟರು. ನಮಗೆ 'ಗೆಣ್ಣಿನವರು' ಎಂದು ಹೆಸರಿಟ್ಟರು. ಅಂಗೈ ಅಭ್ಯಾಸವನ್ನು ಮಾತ್ರ ಅವರಲ್ಲಿ ಒಬ್ಬರೂ ಬಿಡಲಿಲ್ಲ.

ಯಂತ್ರ ನೋಡಿಕೊಳ್ಳುವವಳು ಕೆಂಪಾಜಮ್ಮ. ನಲವತ್ತೊಂದು ವರ್ಷ, ದಿನಗೂಲಿ, ಕೆಳಪೇಟೆಯವಳು, ಜವರನ ಅಕ್ಕ. ಕಾಳು ತೊಳೆಯುವ ಕ್ರಮವನ್ನು ಇಂಜಿನಿಯರು ಹನ್ನೆರಡು ಜನಕ್ಕೆ ಹೇಳಿಕೊಟ್ಟಿದ್ದರು. ಕಲಿತವಳು ಇವಳೊಬ್ಬಳೇ. ಮಿಕ್ಕ ಹನ್ನೊಂದು ಮಂದಿಗೆ ಪ್ರಮಾಣಪತ್ರವಿದೆ.

ಮೊದಲ ಮೂರು ತಿಂಗಳು ತೊಳೆದ ನೀರನ್ನು ಟ್ಯಾಂಕರ್ ತುಂಬಿಕೊಂಡು ಊರಾಚೆ ಎಲ್ಲಿಗೋ ಹೋಗುತ್ತಿತ್ತು. ಆಮೇಲೆ ಟ್ಯಾಂಕರ್ ನಿಂತಿತು. ನಿಂತ ವಾರ ನಾನು ಯಂತ್ರದ ಮನೆಯಲ್ಲಿದ್ದೆ. ಅಧ್ಯಕ್ಷರು ನೂರು ದಿನದ ಸಾಧನೆಯ ವರದಿಗಾಗಿ ನನ್ನನ್ನು ಕರೆತಂದಿದ್ದರು. ಕೊಳವೆಯ ತಳದಲ್ಲಿ ಕೆಮ್ಮಣ್ಣಿನ ಬಣ್ಣದ ನೀರು ನಿಂತಿತ್ತು. ಕೆಂಪಾಜಮ್ಮ ಕೇಳಿದಳು: "ಯಜಮಾನ್ರೆ, ಟ್ಯಾಂಕರ್ ಬರಲಿಲ್ಲ, ಹೊಂಡವೂ ಇಲ್ಲ. ಇದನ್ನ ಎಲ್ಲಿಗೆ ಬುಡನ?"

ಅಧ್ಯಕ್ಷರ ತುಟಿ ಅಲ್ಲಾಡಿತು. ನಾನು ಗೆಣ್ಣು ಎಣಿಸಿದೆ. ಅದು ನನಗೆ ಉಸಿರಾಟದಷ್ಟೇ ಅಭ್ಯಾಸ. ಮೂರನೆಯ ಗೆಣ್ಣಿಗೆ ಅವರು ನನ್ನ ಕಡೆ ನೋಡಿ ಬಾಯಿಗೆ ಅಂಗೈ ಹಿಡಿದರು. ಐದಕ್ಕೆ ಮಾತು ಬಂತು: "ಕೆಳಗಡೆ ಕಟ್ಟೆಗೇ ಬಿಡು, ಯಾರು ಕೇಳ್ತಾರೆ." ಆ ಕಟ್ಟೆಯಿಂದಲೇ ಕೆಳಪೇಟೆಯ ಏಳು ಬಾವಿಗಳಿಗೆ ನೀರು. ನಾನು ಟಿಪ್ಪಣಿ ಪುಸ್ತಕ ಮುಚ್ಚಿದೆ. ಆದರೆ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಎರಡನೆಯ ಗೆಣ್ಣಿಗೇ ಕೆಂಪಾಜಮ್ಮ ಕಟ್ಟೆಯ ವಾಲ್ವಿನ ಕಡೆ ತಿರುಗಿ ಹೆಜ್ಜೆ ಹಾಕಿದ್ದಳು.

ಆಮೇಲೆ ವಾರಾವಾರ ಕೆಂಪು ನೀರು ಕಟ್ಟೆಗೆ ಇಳಿಯಿತು. ಕಾಳು ಮೇಲ್ಪೇಟೆಯ ನೀರಿನಿಂದ ತೆಗೆದದ್ದನ್ನೆಲ್ಲ ಕೆಳಪೇಟೆ ಕುಡಿಯಿತು. ಎಣಿಕೆ ಐದರಿಂದ ಏಳಾಯಿತು, ಹನ್ನೊಂದಾಯಿತು, ಏಳು ತಿಂಗಳಲ್ಲಿ ಹತ್ತೊಂಬತ್ತಕ್ಕೆ ಬಂತು. ನಾನು ಅಲ್ಲಿ ತಿರುಗಾಡಿ ನೋಡಿದ್ದೇನೆ. ಬೀದಿಯಲ್ಲಿ ನಡೆಯುವವರು ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುತ್ತಿದ್ದರು. ಎಲ್ಲರೂ ಎಡ ಮಣಿಕಟ್ಟಿಗೆ ಬಿಲ್ಲೆಯಷ್ಟಗಲದ ಕನ್ನಡಿ ಕಟ್ಟಿಕೊಂಡಿದ್ದರು, ಹಿಂದಿನಿಂದ ಬರುವ ಗಾಡಿ ಕಾಣಲೆಂದು. ಮೇಲ್ಪೇಟೆಯವರು ಅದನ್ನು ಶೋಕಿ ಎಂದರು. ಜಗಳ ಬಹಳ ಕಡಿಮೆಯಾಯಿತು, ಬೈಗುಳ ಬಂದು ಮುಟ್ಟುವವರೆಗೆ ಸಿಟ್ಟಿನ ಮುಖ ಹೊತ್ತು ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ಇದನ್ನೂ ಅಧ್ಯಕ್ಷರು ಒಂದು ಭಾಷಣದಲ್ಲಿ ಆಡಳಿತದ ಸಾಧನೆಯಾಗಿ ಸೇರಿಸಿದರು. ಜವರನ ಮಣಿಕಟ್ಟಿನಲ್ಲೂ ಕನ್ನಡಿಯಿತ್ತು. ಆ ದಿನ ಅವನ ಎರಡೂ ಕೈ ತಲೆಯ ಮೇಲಿನ ಗಾರೆಯ ಬಾಂಡ್ಲಿಯನ್ನು ಹಿಡಿದಿದ್ದವು.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಆಸ್ಪತ್ರೆಯಲ್ಲಿ ಕೆಂಪಾಜಮ್ಮ ಅತ್ತು, ಮೂಗೊರೆಸಿಕೊಂಡು, ಸುಮ್ಮನಾದ ಮೇಲೆ ತಮ್ಮನಿಗೆ ಅವಳ ಅಳು ಕೇಳಿಸಿತು. ಅವನು ಕೇಳಿದನಂತೆ: "ಅಕ್ಕಾ, ಆ ನೀರು ನೀನಾಗೇ ಬುಟ್ಟಿದ್ದಾ?"

ಪುರಸಭೆಯೂ ಅದೇ ಪ್ರಶ್ನೆ ಕೇಳಿತು, ಉತ್ತರವನ್ನೂ ತಾನೇ ಬರೆದುಕೊಂಡು. ನೌಕರಳು ಮೇಲಧಿಕಾರಿಗಳ ಆದೇಶವಿಲ್ಲದೆ ವಾಲ್ವ್ ತಿರುಗಿಸಿ ಸಾರ್ವಜನಿಕರಿಗೆ ಹಾನಿ ಮಾಡಿದ್ದಾಳೆ ಎಂದು ದೂರು ಸಿದ್ಧವಾಯಿತು. ಸಾಬೀತಾದರೆ ಜೈಲು. ವಿಚಾರಣೆಗೆ ಜಿಲ್ಲೆಯಿಂದ ಅನಂತಯ್ಯ ಎಂಬ ಅಧಿಕಾರಿ ಬಂದರು. ನಮ್ಮೂರಿಗೆ ಬರುವ ಎಲ್ಲ ಅಧಿಕಾರಿಗಳಂತೆ ಅವರೂ ಕುಡಿಯುವ ನೀರನ್ನು ಕ್ಯಾನಿನಲ್ಲಿ ತಂದಿದ್ದರು.

ವಿಚಾರಣೆಯ ಹಿಂದಿನ ಸಂಜೆ ಕೆಂಪಾಜಮ್ಮ ಅಚ್ಚುಕೂಟಕ್ಕೆ ಬಂದಳು. ಸ್ಟೂಲು ತೋರಿಸಿದರೂ ಕೂರಲಿಲ್ಲ.

"ಪೇಪರ್ನೋರೆ, ಆವತ್ತು ಅಲ್ಲಿದ್ದೋರು ಮೂರು ಜನ. ನಾನು, ಯಜಮಾನ್ರು, ನೀವು. ನಾಳೆ ಒಂದು ಮಾತು ಹೇಳ್ಬುಡಿ."

"ಅವರು ಅಂಗೈ ಹಿಡಿದಿದ್ದರು."

"ನಿಮಗೆ ಕೇಳಿಸ್ತೋ ಇಲ್ವೋ?"

"ಕೇಳಿಸಿತು. ಆದರೆ ಅಂಗೈ ಮೂರಕ್ಕೆ, ಮಾತು ಐದಕ್ಕೆ. ನಿಯಮದ ಪ್ರಕಾರ ಅದು ಆಡಿದ ಮಾತಲ್ಲ."

"ಆಡದೇ ಇರೋ ಮಾತಿಗೆ ನನ್ನ ತಮ್ಮನ ಕಾಲು ಹೋಯ್ತಾ?" ಅವಳು ಹತ್ತಿರ ಬಂದು ಮೇಜಿನ ಮೇಲಿದ್ದ ಆ ವಾರದ ಸಂಚಿಕೆಯನ್ನು ಎತ್ತಿ ತಿರುವಿದಳು. "ಇದಕ್ಕೆ ಕಿವಿ ಅದೆಯೋ, ಬರೀ ಅಂಗೈಯೋ?"

"ನೀನೇ ಹೇಳು. ನಿನಗೆ ಅದು ಆಗಲೇ ಕೇಳಿಸಿತ್ತು, ಅಲ್ಲವೇ? ಎರಡಕ್ಕೇ ತಿರುಗಿದೆ. ನಾನು ನೋಡಿದೆ."

ಅವಳು ಸಂಚಿಕೆಯನ್ನು ಇದ್ದಲ್ಲೇ ಇಟ್ಟಳು. "ನೋಡಿದ್ರಾ. ಸರಿ. ದಿವಸಾ ಎರಡು ಚೊಂಬು ಕುಡೀತಿದ್ದೆ. ಉಪ್ಪಿನ ಮೂಟೆ ಎತ್ತಿ ಸುರಿಯೋಳಿಗೆ ಗಂಟಲು ಒಣಗಕಿಲ್ವಾ? ಕೆಳಪೇಟೆ ಹುಟ್ಟು ಅಂತ ಎಲ್ರೂ ನನ್ನನ್ನೂ ಹತ್ತೊಂಬತ್ತು ಅಂದ್ಕೊಂಡವ್ರೆ. ಹಂಗೇ ನಟಿಸ್ಕೊಂಡು ಅವ್ನಿ. ಆಗಲೇ ಕೇಳಿಸ್ತು ಅಂತ ನನ್ನ ಬಾಯಲ್ಲಿ ಬಂದ್ರೆ ಇಪ್ಪತ್ತೆರಡನೇ ನಿಯಮ ಹಾಕಿ ಕಳ್ಳಿ ಮಾಡಿ ಕಳಿಸ್ತಾರೆ. ಅದಕ್ಕೇ ನಿಮ್ಮ ಬಾಯಿ ಕೇಳ್ತಿರೋದು."

ಎಲ್ಲರ ಮುಂದೆ ಎಣಿಕೆ ಮುಗಿಯುವವರೆಗೆ ಕಾಯುವವಳು ಆ ದಿನ ಎರಡಕ್ಕೇ ತಿರುಗಿದ್ದು ಯಾಕೆ ಎಂದು ಕೇಳಿದೆ. "ಕಾಳು ಕಟ್ಕೊಂಡು ಕೊಳವೆ ಒಡೆಯೋ ಹಂಗಿತ್ತು. ನಟಿಸಕ್ಕೆ ಪುರುಸೊತ್ತಿರಲಿಲ್ಲ" ಎಂದಳು. ಯೋಚಿಸುತ್ತೇನೆ ಎಂದೆ. ನನ್ನ ದನಿ ನನಗೆ ಕೇಳಿಸುವ ಹೊತ್ತಿಗೆ ಅವಳು ಬಾಗಿಲು ದಾಟಿದ್ದಳು.

ಮರುದಿನ ಹತ್ತೂವರೆಗೆ ಪುರಸಭೆಯ ಸಭಾಂಗಣದಲ್ಲಿ ವಿಚಾರಣೆ ಶುರುವಾಯಿತು. ಮುಂದಿನ ಸಾಲುಗಳಲ್ಲಿ ಮೇಲ್ಪೇಟೆ. ಹಿಂದೆ ನಿಂತು ಕೆಳಪೇಟೆ. ನಡುವೆ ಯಂತ್ರದ ನೀರೂ ಕಟ್ಟೆಯ ನೀರೂ ಮುಟ್ಟದ ಹಳೆಯ ಬಾವಿಗಳ ನಮ್ಮಂಥ ಐದರವರು. ಅಧ್ಯಕ್ಷರು ಚುಟುಕಾಗಿ ಹೇಳಿದರು: ಏನೋ ಬಾಯಿತಪ್ಪಿ ಬಂದಿರಬಹುದು, ನೆನಪಿಲ್ಲ. ಬಂದಿದ್ದರೂ ಮೂರರೊಳಗೆ ಅಂಗೈ ಹಿಡಿಯುವುದು ತಮ್ಮ ರೂಢಿ. ಕೆಳಪೇಟೆಯ ಹೆಂಗಸಿಗೆ ಆಗ ಐದಕ್ಕೆ ಕಡಿಮೆಯಿಲ್ಲದ ಎಣಿಕೆ. ಆದ್ದರಿಂದ ಆದೇಶವೇ ಇಲ್ಲ. ಕೆಂಪಾಜಮ್ಮ ಎದ್ದು "ಹೇಳಿದ್ರು" ಎಂದಷ್ಟೇ ಹೇಳಿ ಕೂತಳು.

ಅನಂತಯ್ಯನವರು ನನ್ನನ್ನು ಕರೆದರು. "ಅಧ್ಯಕ್ಷರ ಮಾತು ನಿಮಗೆ ಕೇಳಿಸಿತೇ?"

"ನಿಯಮದ ಪ್ರಕಾರ ಕೇಳಿಸಿಲ್ಲ."

ಮುಂದಿನ ಸಾಲು ನಕ್ಕಿತು. ಅಲ್ಲಿಗೆ ಕೂರಬಹುದಿತ್ತು. ಆದರೆ ಅಂಗೈ ಹಿಡಿಯುವುದು ಮಾತಿಗೆ, ಕಣ್ಣಿಗೆ ಕಂಡದ್ದಕ್ಕಲ್ಲ. ಕಂಡದ್ದನ್ನು ಮುಚ್ಚಿಟ್ಟರೆ ಅದು ಸುಳ್ಳು ಎಂದು ನನ್ನ ಮಟ್ಟಿಗೆ ನಾನು ರಾತ್ರಿಯೇ ತೀರ್ಮಾನಿಸಿದ್ದೆ. ಇಂಥ ತೀರ್ಮಾನಗಳಿಗೆ ಬರಲು ನಮ್ಮ ವೃತ್ತಿಯವರಿಗೆ ಒಳ್ಳೆಯ ತರಬೇತಿಯಿರುತ್ತದೆ. "ಆದರೆ ಒಂದು ಕಂಡೆ" ಎಂದೆ. "ಅಧ್ಯಕ್ಷರ ತುಟಿ ಅಲ್ಲಾಡಿದ ಮೇಲೆ ಎರಡನೆಯ ಎಣಿಕೆಗೆ ಈಕೆ ವಾಲ್ವಿನ ಕಡೆ ತಿರುಗಿದಳು. ಅಂಗೈ ಬಂದದ್ದು ಮೂರಕ್ಕೆ."

ಸಭಾಂಗಣದಲ್ಲಿ ಮೊದಲು ಅರ್ಥವಾದದ್ದು ಅಧ್ಯಕ್ಷರಿಗೆ. ಅವರ ಮುಖ ಅರಳಿತು. ಆಮೇಲೆ ಐದರವರಿಗೆ ಅರ್ಥವಾಯಿತು. ಕೆಂಪಾಜಮ್ಮ ನನ್ನನ್ನೇ ನೋಡುತ್ತಿದ್ದಳು. "ಅವರಾಡಿದ ಮಾತು ಹೇಳಕ್ಕಾಗ್ಲಿಲ್ಲ" ಎಂದಳು, "ನನ್ನ ಕಾಲು ತಿರುಗಿದ್ದು ಹೇಳಕ್ಕಾಯ್ತು." ಎದೆಯ ಮೇಲೆ ಕೈಯಿಡಲಿಲ್ಲ, ನಾನು ತಲೆಯಾಡಿಸುವವರೆಗೆ ಕಾಯಲೂ ಇಲ್ಲ.

ಪರೀಕ್ಷೆ ಮಾಡೋಣ ಎಂದರು ಅನಂತಯ್ಯ. ಅಂಗಳದಲ್ಲಿ ಗಂಟೆ ಹೊಡೆಯಲು ರೈಲುಕಂಬಿಯ ತುಂಡೊಂದನ್ನು ಹುಣಸೆಮರಕ್ಕೆ ತೂಗುಹಾಕಿದ್ದರು. ಕೆಂಪಾಜಮ್ಮ ಬಲಗೈ ಎತ್ತಿ ನಿಲ್ಲಬೇಕು. ಜವಾನ ಸುತ್ತಿಗೆಯಿಂದ ಹೊಡೆಯುತ್ತಾನೆ. ಸದ್ದು ಕೇಳಿದ ಕ್ಷಣ ಅವಳು ಕೈ ಇಳಿಸಬೇಕು.

"ಕಣ್ಣು ಕಟ್ಟಿ ಸ್ವಾಮಿ" ಎಂದರು ಅಧ್ಯಕ್ಷರು. "ಇಲ್ದಿದ್ರೆ ಸುತ್ತಿಗೆ ನೋಡ್ಕೊಂಡು ಕೈ ಇಳಿಸಿಬಿಡ್ತಾಳೆ. ಈ ಜನ ಕಣ್ಣಲ್ಲೇ ಬದುಕೋದು." ತಮ್ಮ ಪಕ್ಕದಲ್ಲಿದ್ದ ಸದಸ್ಯರೊಬ್ಬರಿಗೆ ಮೆಲ್ಲಗೆ ಇನ್ನೊಂದು ಹೇಳಿದರು: "ಎತ್ತಿ ಹಿಡಿದ್ರೆ ಜೈಲು, ಇಳಿಸಿದ್ರೆ ಕಳ್ಳಿ." ಹೇಳಿ ಅಂಗೈ ಹಿಡಿದರು. ಹಾಗಾಗಿ ಇದನ್ನು ನಾನು ಕೇಳಿಲ್ಲ.

ಅವಳ ಕಣ್ಣಿಗೆ ಜವಾನನ ಟವೆಲು ಕಟ್ಟಿದರು. ನೆಲದ ಅದುರು ಕಾಲಿಗೆ ತಿಳಿಯಬಾರದೆಂದು ಮರದ ಬೆಂಚಿನ ಮೇಲೆ ನಿಲ್ಲಿಸಿದರು. ಆಸ್ಪತ್ರೆಯಿಂದ ಜವರನನ್ನು ಕುರ್ಚಿಯಲ್ಲಿ ಹೊತ್ತು ತಂದು ಬೇಲಿಯ ಹತ್ತಿರ ಕೂರಿಸಿದ್ದರು. ನಾನು ಗಡಿಯಾರ ತೆಗೆದೆ. ಹನ್ನೊಂದು ಗಂಟೆ ಮೂವತ್ತೆಂಟು ನಿಮಿಷ. ಜವಾನ ಸುತ್ತಿಗೆ ಎತ್ತಿದ, ಬೇಕೆಂದೇ ಒಂದು ಸಲ ಸುಮ್ಮನೆ ಬೀಸಿ ನಿಲ್ಲಿಸಿದ. ಅವಳ ಕೈ ಅಲುಗಲಿಲ್ಲ. ಮತ್ತೆ ಎತ್ತಿ ಹೊಡೆದ.

ಸುತ್ತಿಗೆ ಕಂಬಿಗೆ ತಾಗಿದ್ದು ಕಂಡಿತು. ಅವಳ ಕೈ ಇಳಿದದ್ದೂ ಕಂಡಿತು. ಎರಡರ ನಡುವೆ ಒಂದು ಗೆಣ್ಣು ಎಣಿಸುವಷ್ಟೂ ಸಮಯವಿರಲಿಲ್ಲ. ಅಂಗಳ ನಮ್ಮ ಪಾಲಿಗೆ ಇನ್ನೂ ನಿಶ್ಶಬ್ದ. ಅವಳು ಟವೆಲು ಬಿಚ್ಚಿ, ಬೆಂಚಿನಿಂದ ಇಳಿದು, ಸೆರಗು ಸರಿಮಾಡಿಕೊಳ್ಳುವಾಗ ನಮಗೆ ಠಣ್ಣೆಂದಿತು. ಅವಳು ತಮ್ಮನ ಕುರ್ಚಿಯವರೆಗೆ ನಡೆದು ಹೋಗಿ ನಿಂತ ಮೇಲೆ ಕೆಳಪೇಟೆಯವರಿಗೆ ಕೇಳಿಸಿತು. ಜವರ ತಲೆಯೆತ್ತಿ ಅಕ್ಕನನ್ನು ನೋಡಿದ.

"ಕಂಡಿರಾ ಸ್ವಾಮಿ!" ಅಧ್ಯಕ್ಷರು ಮೆಟ್ಟಿಲಿಳಿದು ಬಂದರು. "ನೀರು ಕದ್ದು ಕುಡಿದವಳು. ಮೇಲ್ಪೇಟೆ ನೀರು!"

"ಹೂ ಕಣ್ರೀ, ಕುಡಿದೆ" ಎಂದಳು ಕೆಂಪಾಜಮ್ಮ. "ಕುಡಿದಿದ್ದಕ್ಕೇ ನಿಮ್ಮ ಮಾತು ಬಿಸಿಬಿಸಿ ಕೇಳಿಸ್ತು. ಕಟ್ಟೆಗೆ ಬಿಡು ಅಂದದ್ದು ನೀವು. ನಾನಾಗೇ ಬುಟ್ಟಿಲ್ಲ. ನನ್ನ ತಮ್ಮ ಕೇಳಿಸ್ಕೊಳ್ಳಲಿ."

ಅಧ್ಯಕ್ಷರಿಗೆ ಆ ಕ್ಷಣ ಗೆಲುವು ಕೈಯಲ್ಲಿತ್ತು, ಸುಮ್ಮನಿದ್ದರೆ ಸಾಕಿತ್ತು. ಆದರೆ ದಿನಗೂಲಿಯವಳು ಎದುರಾಡಿದ್ದನ್ನು ಸಹಿಸಿ ಅವರಿಗೆ ಅಭ್ಯಾಸವಿರಲಿಲ್ಲ. "ಏಯ್ ಕೆಂಪಾಜಿ" ಎಂದರು, "ಟ್ಯಾಂಕರ್ ನಿಂತ ದಿನದಿಂದ ವಾರಾವಾರ ನಾನು ಬಿಡು ಅಂದಾಗೆಲ್ಲ ಬಾಯಿ ಮುಚ್ಕೊಂಡು ಬಿಟ್ಟೋಳು, ಈಗ ನಾಲಿಗೆ ಬಂತಾ ನಿನಗೆ?" ಕೂಡಲೇ, ಐವತ್ತೆಂಟು ವರ್ಷದ ರೂಢಿಯಂತೆ, ಮೂರನೆಯ ಎಣಿಕೆಗೆ ಸರಿಯಾಗಿ ಬಾಯಿಗೆ ಅಂಗೈ ಹಿಡಿದರು.

ಅಂಗೈ ಏಳುವುದರೊಳಗೆ ಅನಂತಯ್ಯನವರಿಗೆ ಕೇಳಿಸಿತ್ತು. ಮುಂದೆ ನಿಂತಿದ್ದ ಮೇಲ್ಪೇಟೆಯ ಅರವತ್ತು ಮಂದಿಗೆ, ಅಧ್ಯಕ್ಷರೇ ಹತ್ತು ತಿಂಗಳ ಕಾಲ ಕುಡಿಸಿ ತಯಾರು ಮಾಡಿದ ಕಿವಿಗಳಿಗೆ, ಕೇಳಿಸಿತ್ತು. ಮೇಲ್ಪೇಟೆಯವನೇ ಆದ ಗುಮಾಸ್ತ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ. ಅಂಗೈ ನೋಡಿ ನಿಲ್ಲಿಸುವ ಹೊತ್ತಿಗೆ ವಾಕ್ಯ ಮುಗಿದಿತ್ತು. ಅಧ್ಯಕ್ಷರು ಅಂಗೈಯನ್ನು ಬಾಯಿಯ ಮೇಲೆಯೇ ಇಟ್ಟುಕೊಂಡು ಸುತ್ತ ನೋಡಿದರು. ಐದಕ್ಕೆ ನಮಗೂ ಮಾತು ಬಂತು. ಅವರು ಇನ್ನೂ ಕೈ ತೆಗೆದಿರಲಿಲ್ಲ. ಹತ್ತೊಂಬತ್ತಕ್ಕೆ ಬೇಲಿಯ ಹತ್ತಿರದಿಂದ ಸದ್ದೆದ್ದಿತು.

"ಓದಿ ಹೇಳಿ" ಎಂದರು ಅನಂತಯ್ಯ. ಗುಮಾಸ್ತ ಓದಿದ.

ಒಂಬತ್ತು ದಿನದ ಮೇಲೆ ತೀರ್ಪು ಬಂತು. ಎರಡು ಪುಟ. ಮೊದಲ ಪುಟದಲ್ಲಿ: ಆದೇಶ ಕೊಟ್ಟದ್ದು ಸಾಬೀತು, ಕೆಂಪಾಜಮ್ಮನ ಮೇಲಿನ ದೂರು ರದ್ದು, ಕಟ್ಟೆಯ ವಾಲ್ವಿಗೆ ಮೊಹರು, ಜವರನಿಗೆ ಪರಿಹಾರ, ಅಧ್ಯಕ್ಷರು ಆರು ತಿಂಗಳು ನೀರು ಸರಬರಾಜಿನ ಕಾಗದಗಳಿಗೆ ಸಹಿ ಮಾಡುವಂತಿಲ್ಲ. ಎರಡನೆಯ ಪುಟದಲ್ಲಿ: ದಿನಕ್ಕೆ ಎರಡು ಚೊಂಬು ನೀರಿನ ಕಳವು ಆಕೆಯ ಒಪ್ಪಿಗೆಯಿಂದಲೇ ಸಾಬೀತು, ನಿಯಮ ಇಪ್ಪತ್ತೆರಡರ ಪ್ರಕಾರ ಅಂದಿನಿಂದ ವಜಾ. ತೀರ್ಪನ್ನು ನಾನು ಒಂದು ಅಕ್ಷರ ಬಿಡದೆ ಅಚ್ಚು ಹಾಕಿದೆ. ಯಂತ್ರದ ಮನೆಯಲ್ಲಿ ನಾನು ಕೇಳಿದ್ದನ್ನು ಅದರ ಜೊತೆ ಹಾಕಲಿಲ್ಲ. ಅಷ್ಟು ಹೊತ್ತಿಗೆ ಅದರ ಅಗತ್ಯ ಯಾರಿಗೂ ಇರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಪುರಸಭೆಯ ಜಾಹೀರಾತು ಬಂತು. ಯಂತ್ರ ನೋಡಿಕೊಳ್ಳಲು ಜನ ಬೇಕು, ದಿನಗೂಲಿ, ವಾರಕ್ಕೆ ಆರು ಮೂಟೆ ಉಪ್ಪು ಎತ್ತಬೇಕು, ಅಭ್ಯರ್ಥಿ ಕಡ್ಡಾಯವಾಗಿ ಮೇಲ್ಪೇಟೆಯ ನಿವಾಸಿಯಾಗಿರಬೇಕು. ಅರ್ಜಿ ಒಂದೂ ಬರಲಿಲ್ಲ. ತೊಳೆಯುವವರಿಲ್ಲದೆ ಎರಡೂ ಕೊಳವೆಗಳ ಕಾಳಿನ ಹೊಟ್ಟೆ ತುಂಬಿತು, ಕೆಂಪಾಜಮ್ಮ ವಜಾ ಆದ ಹದಿನಾರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಮೇಲ್ಪೇಟೆಯ ನಲ್ಲಿಗಳಲ್ಲಿ ಬಾವಿಯ ನೀರು ಇದ್ದ ಹಾಗೆಯೇ ಬಂತು.